ಖಡಿ ದಾರಿಯ ಹೂಳು ತೆಗೆಯಲು ಟ್ರ್ಯಾಕ್ಟರ್ ಬ್ಲೇಡನ್ನು ಮಾರ್ಪಡಿಸುವ ವಿಧಾನ

ಪುಣೆಯಿಂದ ಪೌಡ್ ದಾಟಿ ಮುಳಶಿ ಕಡೆಗೆ ಹೋಗುವ ರಸ್ತೆಯಿಂದ ನಮ್ಮ ತುಂಡು ಜಮೀನಿಗೆ ಇಳಿಯುವ ಸ್ವಂತ ದಾರಿ 120 ಮೀಟರ್ ಉದ್ದ, 3 ಮೀಟರ್ ಅಗಲವಿದೆ. ಕೆಳಗೆ ಗರಸು, ಅಂದರೆ ಒತ್ತಿದರೆ ಗಟ್ಟಿಯಾಗಿ ಕೂರುವ ಕಲ್ಲುಮಿಶ್ರಿತ ಮಣ್ಣು, ಅದರ ಮೇಲೆ 20 ಮಿ.ಮೀ. ಕಪ್ಪುಕಲ್ಲಿನ ಖಡಿ. ಬೆಂಗಳೂರಿನವರು ಜಲ್ಲಿ ಎನ್ನುವುದನ್ನು ವಿಜಯಪುರ ಕಡೆಯ ನಾವು ಖಡಿ ಎನ್ನುತ್ತೇವೆ. ಇಲ್ಲಿನ ಮರಾಠಿಯವರೂ ಖಡಿ ಎಂದೇ ಅನ್ನುವುದರಿಂದ ಈ ಬರಹದಲ್ಲಿಯೂ ಆ ಮಾತನ್ನೇ ಉಳಿಸಿಕೊಂಡಿದ್ದೇನೆ. ಪುಣೆ ನಗರಕ್ಕೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ, ತಾಮ್ಹಿಣಿ ಘಾಟಿನ ಕಡೆಗೆ ಹೋದಂತೆ ಅದು ಹಲವು ಪಟ್ಟು ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದಿಂದ ಇಳಿದ ಮಣ್ಣು, ಸಾಗವಾನಿ ಎಲೆ, ಹುಲ್ಲಿನ ಬೇರು ಎಲ್ಲವೂ ದಾರಿಯ ಮೇಲೆ ಕೂತು, ಮಳೆ ನಿಲ್ಲುವ ಹೊತ್ತಿಗೆ ಕೆಲವೆಡೆ ಎರಡು ಬೆರಳು, ಕೆಲವೆಡೆ ಅಂಗೈ ಅಗಲದಷ್ಟು ಹೂಳು ಕಟ್ಟಿರುತ್ತದೆ.

ಮೊದಲ ವರ್ಷ ಬಾಡಿಗೆಗೆ ತಂದ ಸಾಮಾನ್ಯ ಲೆವಲಿಂಗ್ ಬ್ಲೇಡಿನಿಂದ, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೆಲ ಮಟ್ಟ ಮಾಡುವ ಬಾಗಿದ ಉಕ್ಕಿನ ಹಲಗೆಯಿಂದ, ಇದನ್ನು ತೆಗೆಸಿದೆ. ಒಂದು ಗಂಟೆಯಲ್ಲಿ ದಾರಿ ಕನ್ನಡಿಯಂತಾಯಿತು; ಜೊತೆಗೆ ಖಡಿಯೂ ಹೋಗಿ ಚರಂಡಿ ಸೇರಿತು. ಆಮೇಲೆ ಲೆಕ್ಕ ಹಾಕಿದೆ: 120 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಯಿಂದ 25 ಮಿ.ಮೀ. ದಪ್ಪ ಕೆರೆದು ಹಾಕಿದರೆ 9 ಘನ ಮೀಟರ್, ಅಂದರೆ ಇಲ್ಲಿನ ಅಳತೆಯಲ್ಲಿ ಮೂರು ಬ್ರಾಸಿಗಿಂತ ಹೆಚ್ಚು. ಒಂದು ಬ್ರಾಸ್ ಎಂದರೆ 100 ಘನ ಅಡಿ. ಮಣ್ಣು ತೆಗೆಯುವ ಕೂಲಿಗಿಂತ ಖಡಿ ತರಿಸುವ ಖರ್ಚೇ ದೊಡ್ಡದಾಯಿತು.

ಇದೇ ತೊಂದರೆ ಹಿಮ ಬೀಳುವ ದೇಶಗಳಲ್ಲಿ ಖಡಿ ಹಾಕಿದ ಮನೆಯಂಗಳದ ದಾರಿಗಳಿಗೆ ಹಿಂದಿನಿಂದಲೂ ಇದೆ. ಟ್ರ್ಯಾಕ್ಟರಿಗೆ ಕಟ್ಟುವ ಹಿಮ ತೂರುವ ಯಂತ್ರವನ್ನು ಡಾಂಬರಿನ ಮೇಲೆ ಓಡಿಸಿದಂತೆ ಖಡಿಯ ಮೇಲೆ ಓಡಿಸಿದರೆ ಅದು ಹಿಮದೊಡನೆ ಕಲ್ಲನ್ನೂ ನುಂಗಿ, ಕಿಟಕಿಯ ಗಾಜಿಗೆ ಗುರಿಯಿಟ್ಟಂತೆ ತೂರುತ್ತದೆ. ಅದಕ್ಕೆ ಅಲ್ಲಿನವರು ಎರಡು ಉಪಾಯ ಮಾಡುತ್ತಾರೆ. ಯಂತ್ರದ ಎರಡು ಬದಿಯ ಜಾರು ಶೂಗಳನ್ನು, ಅಂದರೆ ಭಾರ ಹೊತ್ತು ನೆಲದ ಮೇಲೆ ಜಾರುವ ಪಾದಗಳನ್ನು, ಇಳಿಸಿ, ಕೆರೆಯುವ ಅಂಚು ನೆಲದಿಂದ ತುಸು ಮೇಲೆ ನಿಲ್ಲುವಂತೆ ಮಾಡುವುದು ಒಂದು. ಹರಿತವಾದ ಅಂಚಿಗೆ ಉದ್ದಕ್ಕೆ ಸೀಳಿದ ಪೈಪನ್ನು ತೊಡಿಸಿ ದುಂಡಗೆ ಮಾಡುವುದು ಇನ್ನೊಂದು. ನಮ್ಮಲ್ಲಿ ಹಿಮವಿಲ್ಲ, ಹೂಳಿದೆ. ತೂರುವ ಯಂತ್ರವಿಲ್ಲ, ಬ್ಲೇಡ್ ಇದೆ. ಆದರೆ ಮೇಲಿನದನ್ನು ತೆಗೆದು ಕೆಳಗಿನ ಕಲ್ಲನ್ನು ಬಿಡಬೇಕೆಂಬ ಕೆಲಸ ಒಂದೇ ಆದ್ದರಿಂದ, ಆ ಎರಡೂ ಉಪಾಯಗಳನ್ನು ಆರು ಅಡಿಯ ಲೆವಲಿಂಗ್ ಬ್ಲೇಡಿಗೆ ಹೇಗೆ ಅಳವಡಿಸಬಹುದೆಂಬುದನ್ನು ಕೆಳಗೆ ವಿವರಿಸಿದ್ದೇನೆ.

ಮೊದಲು ದಾರಿಯನ್ನು ಅಗೆದು ನೋಡಿ

ಕಬ್ಬಿಣ ತರುವ ಮೊದಲು ಸಲಿಕೆ ಹಿಡಿದು ದಾರಿಯ ಮೂರು ಕಡೆ, ಅಂದರೆ ಏರಿನ ತಲೆಯಲ್ಲಿ, ನಡುವೆ ಮತ್ತು ನೀರು ನಿಲ್ಲುವ ತಗ್ಗಿನಲ್ಲಿ, ಗೇಣಗಲದ ಗುಂಡಿ ತೆಗೆಯಿರಿ. ಮೇಲಿನ ಹೂಳು ಎಷ್ಟು ದಪ್ಪವಿದೆ, ಅದರ ಕೆಳಗೆ ಖಡಿ ಸಡಿಲವಾಗಿದೆಯೋ ಗರಸಿನೊಳಗೆ ಕಚ್ಚಿಕೊಂಡು ಕೂತಿದೆಯೋ ಎಂಬುದು ಅಲ್ಲಿ ತಿಳಿಯುತ್ತದೆ. ಖಡಿ ಕಚ್ಚಿಕೊಂಡಿದ್ದರೆ ಮುಂದೆ ಹೇಳುವ ವಿಧಾನ ಚೆನ್ನಾಗಿ ನಡೆಯುತ್ತದೆ. ಬೆರಳಿನಿಂದ ಕೆದರಿದರೂ ಏಳುವಷ್ಟು ಸಡಿಲವಾಗಿದ್ದರೆ ಯಾವ ಬ್ಲೇಡೂ ಅದನ್ನು ಉಳಿಸಲಾರದು. ಮೊದಲು ನೀರು ಹಾಕಿ ರೋಲರ್ ಹೊಡೆಸಬೇಕು.

ಹೂಳಿನ ಹದವನ್ನೂ ಆಗಲೇ ನೋಡಿಕೊಳ್ಳಬೇಕು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಳ್ಳಿದರೆ ಒಡೆಯಬೇಕು. ಕೈಗೆ ಮೆತ್ತಿಕೊಂಡರೆ ಇನ್ನೂ ಹಸಿ, ಬ್ಲೇಡಿಗೆ ಅಂಟಿ ಕಲ್ಲನ್ನೂ ಎಳೆದು ತರುತ್ತದೆ. ಉಂಡೆಯೇ ಕಟ್ಟದಿದ್ದರೆ ಒಣಗಿ ಹೆಂಟೆಯಾಗಿದೆ ಎಂದರ್ಥ. ನಮ್ಮ ಕಡೆ ಈ ಹದ ಸಾಮಾನ್ಯವಾಗಿ ಅಕ್ಟೋಬರ್ ಮೊದಲೆರಡು ವಾರಗಳಲ್ಲಿ ಸಿಗುತ್ತದೆ. ದಸರೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಕೈತಪ್ಪಿದ್ದೂ ಉಂಟು.

ಖರ್ಚಿಲ್ಲದ ಒಂದು ಪರೀಕ್ಷೆ

ಬಹುತೇಕ ಲೆವಲಿಂಗ್ ಬ್ಲೇಡುಗಳಲ್ಲಿ ನಡುವಿನ ಪಿನ್ ತೆಗೆದು ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಬಹುದು. ಹಾಗೆ ತಿರುಗಿಸಿದಾಗ ಉಬ್ಬಿದ ಬೆನ್ನು ಮುಂದಾಗಿ, ಅಂಚು ಅಗೆಯದೆ ಸವರುತ್ತಾ ಹೋಗುತ್ತದೆ. ಹೂಳು ಎರಡು ಸೆಂ.ಮೀ.ಗಿಂತ ಕಡಿಮೆಯಿದ್ದು ಮೆತ್ತಗಿದ್ದರೆ ಇಷ್ಟೇ ಸಾಕಾಗಬಹುದು. ವೆಲ್ಡಿಂಗ್‌ನವರ ಬಳಿ ಹೋಗುವ ಮೊದಲು ಹತ್ತು ಮೀಟರ್ ಹೀಗೆ ಓಡಿಸಿ ನೋಡುವುದು ಒಳ್ಳೆಯದು. ನಮ್ಮ ದಾರಿಯ ಮೇಲ್ಭಾಗದಲ್ಲಿ ಇದು ನಡೆಯಿತು, ತಗ್ಗಿನಲ್ಲಿ ನಡೆಯಲಿಲ್ಲ.

ಪೈಪಿನ ಅಂಚು

ಬೇಕಾದದ್ದು 50 ಎನ್‌ಬಿ (ಎನ್‌ಬಿ ಎಂದರೆ ಪೈಪಿನ ಹೆಸರಿನ ಒಳ ಅಳತೆ), ಅಂಗಡಿಯವರ ಮಾತಿನಲ್ಲಿ ಎರಡು ಇಂಚಿನ, ದಪ್ಪ ಗೋಡೆಯ ಸಿ ಕ್ಲಾಸ್ ಕಪ್ಪು ಪೈಪ್. ಇದರ ಹೊರವ್ಯಾಸ 60.3 ಮಿ.ಮೀ., ಗೋಡೆಯ ದಪ್ಪ 4.5 ಮಿ.ಮೀ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಪೈಪ್ ಕೇಳಿದರೆ ಜಿಐ ಕೊಡುತ್ತಾರೆ, ಅದನ್ನು ತರಬೇಡಿ. ಅದರ ಸತುವಿನ ಲೇಪ ವೆಲ್ಡಿಂಗ್ ಮಾಡುವಾಗ ಬಿಳಿ ಹೊಗೆಯಾಗಿ ಏಳುತ್ತದೆ, ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಬರಿಸುತ್ತದೆ. ಆರು ಅಡಿಯ ಬ್ಲೇಡಿಗೆ 1.8 ಮೀಟರ್ ಪೈಪ್ ಸಾಕಾದರೂ ಇನ್ನೂ ಒಂದು ಮೀಟರ್ ಹೆಚ್ಚಿಗೆ ತನ್ನಿ, ಶೂಗಳಿಗೆ ಬೇಕಾಗುತ್ತದೆ.

ಬ್ಲೇಡಿನ ಕೆಳಗಿರುವ ಕತ್ತರಿಸುವ ಪಟ್ಟಿ ನಮ್ಮದರಲ್ಲಿ 12 ಮಿ.ಮೀ. ದಪ್ಪವಿದೆ. ಅದು ಪೈಪಿನೊಳಗೆ ತಳದವರೆಗೆ ಇಳಿದು ಕೂರಬೇಕಾದರೆ ಪಟ್ಟಿಯ ಬೋಲ್ಟ್ ತಲೆಗಳ ಕೆಳಗೆ ಕನಿಷ್ಠ 60 ಮಿ.ಮೀ. ಖಾಲಿ ಇರಬೇಕು. ಪಟ್ಟಿ ಸವೆದು ಅಷ್ಟು ಉಳಿದಿರದಿದ್ದರೆ 40 ಎನ್‌ಬಿ ಪೈಪನ್ನು ಬಳಸಬಹುದು. ಅದರ ಹೊರವ್ಯಾಸ 48.3 ಮಿ.ಮೀ.

ಈಗ ಸೀಳುವ ಕೆಲಸ. ಇಡೀ ಮಾರ್ಪಾಡಿನಲ್ಲಿ ಕೈಚಳಕ ಬೇಡುವುದು ಇದೊಂದೇ. ಪೈಪಿನ ಮೇಲೆ ಎಲ್ ಆಕಾರದ ಒಂದು ಉದ್ದ ಆ್ಯಂಗಲ್ ಪಟ್ಟಿಯನ್ನು ಬೋರಲಾಗಿ ಇಟ್ಟರೆ ಅದು ತಾನಾಗಿ ಪೈಪಿನ ಉದ್ದಕ್ಕೆ ನೇರವಾಗಿ ಕೂರುತ್ತದೆ. ಅದರ ಅಂಚಿಗೆ ಗೀಚಿ ಗೆರೆ ಎಳೆಯಿರಿ. ಅದಕ್ಕೆ ಸಮಾನಾಂತರವಾಗಿ 14 ಮಿ.ಮೀ. ದೂರದಲ್ಲಿ ಇನ್ನೊಂದು ಗೆರೆ. ಗ್ರೈಂಡರಿಗೆ ಕಟಿಂಗ್ ಡಿಸ್ಕ್ ಹಾಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿನಲ್ಲಿ ಸೀಳಲು ಹೋಗಬೇಡಿ. ಪಟ್ಟಿಯನ್ನು ಸುತ್ತಿ ಬೆಸೆದು ಮಾಡಿದ ಪೈಪಿನೊಳಗೆ ತಯಾರಿಕೆಯ ಕಾಲದ ಒತ್ತಡ ಉಳಿದುಕೊಂಡಿರುತ್ತದೆ. ಸೀಳಿದ ಕೂಡಲೇ ಬಾಯಿ ತೆರೆದುಕೊಳ್ಳುತ್ತದೆ ಅಥವಾ ಡಿಸ್ಕನ್ನು ಕಚ್ಚಿ ಹಿಡಿಯುತ್ತದೆ, ಡಿಸ್ಕ್ ಒಡೆದು ಹಾರುತ್ತದೆ. ಪ್ರತಿ 300 ಮಿ.ಮೀ.ಗೆ ಎರಡು ಬೆರಳಗಲದ ಸೇತುವೆಯನ್ನು ಬಿಟ್ಟುಕೊಂಡು ಎರಡೂ ಗೆರೆಗಳನ್ನು ಕತ್ತರಿಸಿ, ಪೈಪ್ ತಣ್ಣಗಾದ ಮೇಲೆ ಸೇತುವೆಗಳನ್ನು ನಡುವಿನಿಂದ ತುದಿಗಳ ಕಡೆಗೆ ಒಂದೊಂದಾಗಿ ಬಿಡಿಸಿಕೊಳ್ಳಿ. ಡಿಸ್ಕಿನ ಗಾರ್ಡ್ ತೆಗೆಯಬಾರದು, ಕಣ್ಣಿಗೆ ಕನ್ನಡಕವಿರಬೇಕು.

ಸೀಳಿದ ಪೈಪನ್ನು ಪಟ್ಟಿಗೆ ನೇರವಾಗಿ ವೆಲ್ಡ್ ಮಾಡಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಪುಣೆ ಬಳಿಯ ಭೋಸರಿಯಲ್ಲಿ ನನಗೆ ಈ ಕೆಲಸ ಮಾಡಿಕೊಟ್ಟ ಇಂಡಿ ತಾಲ್ಲೂಕಿನ ಹುಡುಗ ಪಟ್ಟಿಯ ಮೇಲೆ ಕಾನಸು (ಅರ) ಎಳೆದು ನೋಡಿದ. ಕಾನಸು ಕಚ್ಚದೆ ಜಾರಿತು. “ಕಾಕಾ, ಇದು ಪಾಣಿ ಹಾಕಿದ ಉಕ್ಕು ಐತ್ರಿ. ಇದಕ್ಕ ಟಾಕಾ ಹೊಡದ್ರ ಬಾಜೂಕ ಸೀಳ್ತದ,” ಎಂದ. ಅವನ ಮಾತು ಸರಿ. ಗಡಸು ಮಾಡಿದ ಉಕ್ಕಿಗೆ ಸಾಮಾನ್ಯ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಮೃದು ಉಕ್ಕಿನ ಕಿವಿಗಳನ್ನು ಮಾಡಿ, ಅವನ್ನು ಪೈಪಿಗೆ ಮಾತ್ರ ವೆಲ್ಡ್ ಮಾಡಿ, ಪಟ್ಟಿಯಲ್ಲಿ ಮೊದಲೇ ಇರುವ ಬೋಲ್ಟ್ ತೂತುಗಳಿಗೆ ಉದ್ದ ಬೋಲ್ಟ್ ಹಾಕಿ ಬಿಗಿಯಬೇಕು. ಬ್ಲೇಡಿನ ಬೆನ್ನಿನ ಕಡೆ ನಾಲ್ಕು ಕಿವಿ ಸಾಕು. ಮುಂದಿನ ಕಡೆ ಹಾಕಿದರೆ ಮಣ್ಣು ಉರುಳಲು ಅಡ್ಡಿಯಾಗುತ್ತದೆ. 3.15 ಮಿ.ಮೀ.ನ 6013 ಎಂಬ ಸಾಮಾನ್ಯ ವೆಲ್ಡಿಂಗ್ ರಾಡ್, 110ರಿಂದ 125 ಆ್ಯಂಪಿಯರ್‌ನಲ್ಲಿ ಈ ಕೆಲಸಕ್ಕೆ ಸಾಕು. ಹೀಗೆ ಮಾಡಿದ್ದರಿಂದ ಇನ್ನೊಂದು ಲಾಭವಿದೆ: ಹೊಲ ಮಟ್ಟ ಮಾಡಬೇಕಾದಾಗ ನಾಲ್ಕು ಬೋಲ್ಟ್ ಬಿಚ್ಚಿ ಪೈಪನ್ನು ತೆಗೆದಿಡಬಹುದು. ಪೈಪಿನ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ ತಗಡಿನಿಂದ ಮುಚ್ಚಿ, ಇಲ್ಲದಿದ್ದರೆ ಅವು ಬೇರಿಗೆ ಸಿಕ್ಕಿಕೊಳ್ಳುತ್ತವೆ.

ಶೂಗಳು

ಶೂಗಳ ವಿಷಯದಲ್ಲಿ ನಾನು ಎರಡು ಸಲ ತಪ್ಪಿದೆ. ಮೊದಲ ಜೋಡಿಯನ್ನು ಹಿಮಯಂತ್ರದ ಶೂಗಳಂತೆಯೇ 12 ಮಿ.ಮೀ. ತಟ್ಟೆಯನ್ನು ಎರಡೂ ತುದಿಗೆ ಮೇಲೆ ಬಗ್ಗಿಸಿ ಮಾಡಿಸಿದ್ದೆ. ಹಿಮಯಂತ್ರ ನೇರ ಹೋಗುತ್ತದೆ, ಆದ್ದರಿಂದ ಅಲ್ಲಿ ಅದು ಸರಿ. ಬ್ಲೇಡನ್ನು ನಾವು 30 ಡಿಗ್ರಿ ಓರೆಯಾಗಿ ತಿರುಗಿಸಿದಾಗ ಅದಕ್ಕೆ ಕಚ್ಚಿಕೊಂಡ ಶೂ ಕೂಡ ಓರೆಯಾಗಿ, ಅಡ್ಡಡ್ಡ ಜಾರುತ್ತಾ ಖಡಿಯಲ್ಲಿ ತಾನೇ ಎರಡು ಗಾಡಿಜಾಡು ಕೊರೆಯಿತು. ಯಾವ ದಿಕ್ಕಿಗೆ ಎಳೆದರೂ ಒಂದೇ ಆಗಿರುವ ಆಕಾರ ಬೇಕು, ಎಂದರೆ ಬಟ್ಟಲು. ಪೈಪ್ ಫಿಟಿಂಗ್ ಮಾರುವವರಲ್ಲಿ ಆರು ಇಂಚಿನ ಪೈಪಿನ ಬಾಯಿ ಮುಚ್ಚಲು ಬೆಸೆಯುವ ಎಂಡ್ ಕ್ಯಾಪ್ ಸಿಗುತ್ತದೆ: ವ್ಯಾಸ 168.3 ಮಿ.ಮೀ., ಷೆಡ್ಯೂಲ್ 40 ಎಂಬ ದಪ್ಪದ ದರ್ಜೆಯಲ್ಲಿ ಗೋಡೆ ಸುಮಾರು 7 ಮಿ.ಮೀ., ಸಾಮಾನ್ಯ ಕಾರ್ಬನ್ ಉಕ್ಕು, ವೆಲ್ಡಿಂಗ್‌ಗೆ ತಕರಾರಿಲ್ಲ. ಅದನ್ನು ಉಬ್ಬು ಕೆಳಗಾಗಿ ಹಿಡಿದರೆ ಅದೇ ಶೂ.

ಕ್ಯಾಪಿನ ಬಾಯಿಗೆ 10 ಮಿ.ಮೀ. ದಪ್ಪದ ದುಂಡು ತಟ್ಟೆಯನ್ನು ಮುಚ್ಚಿ, ಅದರ ನಡುವೆ 40 ಎನ್‌ಬಿ ಪೈಪಿನ 300 ಮಿ.ಮೀ. ತುಂಡನ್ನು ನಿಲ್ಲಿಸಿ ಬೆಸೆಯಿರಿ. ಮುಚ್ಚುವ ಮೊದಲು ತಟ್ಟೆಯಲ್ಲಿ ಒಂದು ಸಣ್ಣ ತೂತು ಬಿಟ್ಟಿರಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ಕಾದು ಕೊನೆಯ ಬೆಸುಗೆಯನ್ನು ಊದಿ ಹಾಕುತ್ತದೆ. ಈ ಕಂಬ ಮೇಲೆ ಕೆಳಗೆ ಜಾರುವ ತೋಳು, ಉಳಿಸಿಕೊಂಡ 50 ಎನ್‌ಬಿ ಪೈಪಿನ 150 ಮಿ.ಮೀ. ತುಂಡು. ಅದರ ಒಳವ್ಯಾಸ 51.3 ಮಿ.ಮೀ.; ಒಳಗೆ 48.3ರ ಕಂಬ ಹೋದರೆ ಸುತ್ತಲೂ ಒಂದೂವರೆ ಮಿ.ಮೀ. ಸಡಿಲ ಉಳಿಯುತ್ತದೆ, ಮಣ್ಣು ಮೆತ್ತಿದರೂ ಜಾರುವಷ್ಟು. ತೋಳುಗಳನ್ನು ಬ್ಲೇಡಿನ ಬೆನ್ನಿಗೆ, ಎರಡೂ ತುದಿಗಳಿಂದ ಒಂದು ಗೇಣು ಒಳಗೆ, ಮೂಲೆಗೆ ಆಸರೆಯಾಗುವ ದಪ್ಪ ಗಸೆಟ್ ತಟ್ಟೆಗಳೊಡನೆ ವೆಲ್ಡ್ ಮಾಡಬೇಕು.

ಎತ್ತರ ಹೊಂದಿಸಲು ಕಂಬಕ್ಕೆ ಸಾಲು ತೂತು ಕೊರೆದು ಪಿನ್ ಹಾಕುವುದು ಸಾಮಾನ್ಯ ಪದ್ಧತಿ. ಅದಕ್ಕಿಂತ ಸುಲಭವಾದದ್ದು ಉಂಗುರ. ಅದೇ 50 ಎನ್‌ಬಿ ಪೈಪಿನಿಂದ 5, 10 ಮತ್ತು 25 ಮಿ.ಮೀ. ದಪ್ಪದ ಬಳೆಗಳನ್ನು ಕತ್ತರಿಸಿ ಕಂಬಕ್ಕೆ ತೊಡಿಸಿದರೆ, ತೋಳು ಬಳೆಯ ಮೇಲೆ ಕೂರುತ್ತದೆ, ಬಳೆ ಶೂವಿನ ಮೇಲೆ ಕೂರುತ್ತದೆ. ಕೆಳಗೆ ಬಳೆ ಹೆಚ್ಚಿಸಿದಷ್ಟೂ ಬ್ಲೇಡ್ ಮೇಲೇಳುತ್ತದೆ. ಬೇಡವಾದ ಬಳೆಗಳನ್ನು ತೋಳಿನ ಮೇಲ್ಭಾಗದಲ್ಲಿ ತೊಡಿಸಿಟ್ಟರೆ ಕಳೆದುಹೋಗುವುದಿಲ್ಲ. ಭಾರವೆಲ್ಲ ಬಳೆಗಳ ಮೇಲಿರುವುದರಿಂದ ಮೇಲಿನ 12 ಮಿ.ಮೀ. ಪಿನ್ನಿನ ಕೆಲಸ, ಬ್ಲೇಡ್ ಎತ್ತಿದಾಗ ಶೂ ಬಿದ್ದುಹೋಗದಂತೆ ತಡೆಯುವುದಷ್ಟೇ.

ಎರಡನೆಯ ತಪ್ಪು ಎತ್ತರದ್ದು. ಖಡಿಯನ್ನು ಚೆನ್ನಾಗಿ ಕಾಪಾಡಬೇಕೆಂದು ಶೂವನ್ನು ಅಂಚಿಗಿಂತ 25 ಮಿ.ಮೀ. ಕೆಳಗಿಟ್ಟೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಬ್ಲೇಡ್ ಹೂಳಿನ ಮೇಲೆ ಏರಿ ಕುಳಿತು, ಏನನ್ನೂ ಕೆರೆಯದೆ ಸುಮ್ಮನೆ ಬಂತು. ಇಳಿದು ನೋಡಿದರೆ ಕಾರಣ ಕಾಣುವಂತಿತ್ತು: ಶೂ ಬ್ಲೇಡಿನ ಹಿಂದೆ, ಬ್ಲೇಡ್ ಆಗಷ್ಟೇ ಬಿಟ್ಟುಹೋದ ಮಣ್ಣಿನ ಮೇಲೆ ನಡೆಯುತ್ತದೆ. ಆ ಉಳಿದ ಪದರ ದಪ್ಪವಾಗಿದ್ದರೆ ಶೂ ಕಲ್ಲಿಗೆ ಮುಟ್ಟದೆ ಮಣ್ಣಿನ ಮೇಲೆಯೇ ನಿಂತು ಬ್ಲೇಡನ್ನು ಎತ್ತುತ್ತದೆ, ಬ್ಲೇಡ್ ಎತ್ತಿದಷ್ಟೂ ಪದರ ಇನ್ನೂ ದಪ್ಪವಾಗುತ್ತದೆ. ಹಿಮವಾದರೆ ಶೂವಿನ ಭಾರಕ್ಕೆ ಕುಸಿಯುತ್ತದೆ, ಹದವಾದ ಮಣ್ಣು ಅಷ್ಟು ಕುಸಿಯುವುದಿಲ್ಲ. ಹೂಳಿಗೆ 5ರಿಂದ 10 ಮಿ.ಮೀ. ಅಂತರವೇ ಸರಿ, ಅಷ್ಟು ತೆಳು ಪದರವನ್ನು ಬಟ್ಟಲು ಒತ್ತಿಕೊಂಡು ಕಲ್ಲಿನ ಮೇಲೆ ಕೂರುತ್ತದೆ. ಗೋವಾದಲ್ಲಿ ತೋಟವಿರುವವರು ಒಂದು ಬದಲಾವಣೆ ಮಾಡಿಕೊಳ್ಳಬೇಕು: ಅಲ್ಲಿನ ಜಂಬಿಟ್ಟಿಗೆ ಕಲ್ಲಿನ ಚೂರು ನಮ್ಮ ಕಪ್ಪುಕಲ್ಲಿಗಿಂತ ಮೃದು, ಆರು ಇಂಚಿನ ಬಟ್ಟಲು ಅದನ್ನು ಪುಡಿಮಾಡಬಹುದು, ಎಂಟು ಇಂಚಿನದು ವಾಸಿ.

ಟ್ರ್ಯಾಕ್ಟರಿಗೆ ಕಟ್ಟುವುದು, ಹೊಂದಿಸುವುದು

ಟ್ರ್ಯಾಕ್ಟರಿನ ಹಿಂದೆ ಉಪಕರಣವನ್ನು ಕೆಳಗೆ ಎರಡು, ಮೇಲೆ ಒಂದು ತೋಳಿನಿಂದ ಹಿಡಿಯುವ ಮೂರು ಬಿಂದುವಿನ ಜೋಡಣೆಯ ಪಿನ್ನುಗಳ ಅಳತೆ ನೋಡಿಕೊಳ್ಳಿ. ಕೆಳಗಿನ ಪಿನ್ 22 ಮಿ.ಮೀ. ಆಸುಪಾಸಿನಲ್ಲಿದ್ದರೆ ಅದು ಮೊದಲನೆಯ ವರ್ಗ, 28ರ ಆಸುಪಾಸಿನಲ್ಲಿದ್ದರೆ ಎರಡನೆಯ ವರ್ಗ. ಸಣ್ಣ ಪಿನ್ನನ್ನು ದೊಡ್ಡ ಕಣ್ಣಿಗೆ ಹಾಕಬೇಕಾದರೆ ಬುಷ್ ತೊಡಿಸಬೇಕು. ಹಾಗೆಯೇ ಓಡಿಸಿದರೆ ಬ್ಲೇಡ್ ಕುಣಿಯುತ್ತದೆ, ದಾರಿಯೂ ಅಲೆಯಲೆಯಾಗುತ್ತದೆ. ಕೆಳಗಿನ ತೋಳುಗಳು ಪಕ್ಕಕ್ಕೆ ಓಲಾಡದಂತೆ ತಡೆಯುವ ಚೆಕ್ ಚೈನುಗಳನ್ನು ಬಿಗಿ ಮಾಡಿ.

ಹೊಂದಿಸುವ ಕೆಲಸವನ್ನು ಕಾಂಕ್ರೀಟ್ ನೆಲದ ಮೇಲೆಯೇ ಮಾಡಬೇಕು. ಕೆಳಗಿನ ಬಲ ತೋಳನ್ನು ಎತ್ತುವ ಲಿಫ್ಟ್ ರಾಡಿನ ಹಿಡಿ ತಿರುಗಿಸಿ ಬ್ಲೇಡನ್ನು ನೆಲಕ್ಕೆ ಸಮವಾಗಿ ತನ್ನಿ. ಅನಂತರ ಟಾಪ್ ಲಿಂಕ್, ಅಂದರೆ ಮೇಲಿನ ತೋಳು. ಅದನ್ನು ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಅಂಚು ಉಳಿಯಂತೆ ಮುಂದೆ ಚಾಚಿ ಅಗೆಯುತ್ತದೆ. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗಿ ಅಂಚು ಹಿಂದಿನಿಂದ ಎಳೆದುಕೊಂಡು ಬಂದು ಸವರುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಆದರೆ ಟಾಪ್ ಲಿಂಕ್ ಗಿಡ್ಡವಾದಂತೆ ಹಿಂದಿರುವ ಶೂಗಳು ಮೇಲೇಳುತ್ತವೆ, ಆದ್ದರಿಂದ ಮೊದಲು ವಾಲಿಕೆಯನ್ನು ಖಚಿತ ಮಾಡಿಕೊಂಡು ಆಮೇಲೆ ಶೂಗಳ ಬಳೆ ಲೆಕ್ಕ ಹಾಕಬೇಕು. ಪೈಪಿನ ಕೆಳಗೆ ಎರಡು ಕಡೆ 8 ಮಿ.ಮೀ. ಪ್ಲೈವುಡ್ ತುಂಡು ಇಟ್ಟು ಬ್ಲೇಡ್ ಇಳಿಸಿ, ಶೂಗಳು ನೆಲ ಮುಟ್ಟುವವರೆಗೆ ಬಳೆ ತೊಡಿಸಿ. ಬಳೆ ಬದಲಿಸುವಾಗ ಎತ್ತಿದ ಬ್ಲೇಡಿನ ಕೆಳಗೆ ಮರದ ದಿಮ್ಮಿ ಇಲ್ಲದೆ ಕೈ ಹಾಕಲೇಬೇಡಿ. ಹೈಡ್ರಾಲಿಕ್ ಲಿವರನ್ನು ಮಗು ಮುಟ್ಟಿದರೂ ಬ್ಲೇಡ್ ಇಳಿಯುತ್ತದೆ.

ನಮ್ಮ ಟ್ರ್ಯಾಕ್ಟರುಗಳ ಲಿಫ್ಟ್ ಎತ್ತುತ್ತದೆಯೇ ಹೊರತು ಕೆಳಗೆ ಒತ್ತುವುದಿಲ್ಲ. ಬ್ಲೇಡ್ ನೆಲಕ್ಕೆ ಕೊಡುವ ಒತ್ತಡ ಅದರ ಸ್ವಂತ ಭಾರದಷ್ಟೇ. ಈ ಕೆಲಸಕ್ಕೆ ಅದೇ ಅನುಕೂಲ. ಲಿವರನ್ನು ಪೂರ್ತಿ ಇಳಿಸಿಬಿಟ್ಟರೆ ಬ್ಲೇಡ್ ತೇಲುತ್ತಾ ದಾರಿಯ ಉಬ್ಬುತಗ್ಗನ್ನು ಅನುಸರಿಸುತ್ತದೆ. ಡ್ರಾಫ್ಟ್ ಕಂಟ್ರೋಲ್ ಲಿವರ್ ಕೆಲಸ ಮಾಡದ ಸ್ಥಾನದಲ್ಲಿರಲಿ. ಅದು ನೇಗಿಲಿಗಾಗಿ ಇರುವುದು, ಎಳೆತ ಹೆಚ್ಚಾದಾಗಲೆಲ್ಲ ಬ್ಲೇಡನ್ನು ಎತ್ತಿ ಇಳಿಸಿ ದಾರಿಯನ್ನು ಮೆಟ್ಟಿಲು ಮಾಡುತ್ತದೆ.

ಓಡಿಸುವುದು

ಹೂಳು ಮೂರು ಸೆಂ.ಮೀ.ಗಿಂತ ದಪ್ಪವಿರುವಲ್ಲಿ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆ ಬೇಡ. ಮೊದಲ ಸುತ್ತಿಗೆ ಶೂಗಳನ್ನು ಮೇಲೆತ್ತಿ ಪಿನ್ ಹಾಕಿ, ಪೊಸಿಷನ್ ಕಂಟ್ರೋಲ್ ಲಿವರಿನಿಂದ ಬ್ಲೇಡನ್ನು ಬೇಕಾದ ಎತ್ತರದಲ್ಲಿ ಹಿಡಿದುಕೊಂಡು ಅರ್ಧ ದಪ್ಪವನ್ನು ಮಾತ್ರ ತೆಗೆಯಿರಿ. ಎರಡನೆಯ ಸುತ್ತಿಗೆ ಶೂ ಇಳಿಸಿ ತೇಲಲು ಬಿಡಿ. ಬ್ಲೇಡಿನ ಓರೆ 30 ಡಿಗ್ರಿ, ಗೇರು ಲೋ ಒಂದು ಅಥವಾ ಎರಡು, ವೇಗ ನಡೆಯುವ ಮನುಷ್ಯನಷ್ಟು. ವೇಗ ಹೆಚ್ಚಾದರೆ ಬ್ಲೇಡ್ ಪುಟಿಯುತ್ತದೆ, ತೊಳೆಯುವ ಕಲ್ಲಿನ ಹಲ್ಲುಗಳಂಥ ಅಲೆಗಳು ಬೀಳುತ್ತವೆ.

ಕೆಲಸ ಸರಿಯಾಗುತ್ತಿದೆಯೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳುತ್ತದೆ. ಪೈಪ್ ಕಲ್ಲಿನ ತಲೆಗಳನ್ನು ಸವರುತ್ತಾ ಹೋದಾಗ ಸಣ್ಣಗೆ ಟಕಟಕ ಶಬ್ದ ಬರುತ್ತದೆ. ಶಬ್ದ ಭಾರವಾಗಿ ಗರಗರ ಎಂದರೆ ಕಲ್ಲು ಏಳುತ್ತಿದೆ. ನಿಲ್ಲಿಸಿ 5 ಮಿ.ಮೀ. ಬಳೆ ಸೇರಿಸಿ. ಬ್ಲೇಡಿನ ತುದಿಯಿಂದ ಹೊರಬೀಳುವ ಮಣ್ಣಿನ ಸಾಲನ್ನು ಒಂದು ಬುಟ್ಟಿ ತುಂಬಿ 10 ಮಿ.ಮೀ. ಜರಡಿಯಲ್ಲಿ ಆಡಿಸಿ ನೋಡಬಹುದು. ನಮ್ಮದರಲ್ಲಿ ಮೊದಲು ಬುಟ್ಟಿಗೆ ಮೂರು ನಾಲ್ಕು ಹಿಡಿ ಖಡಿ ಬರುತ್ತಿದ್ದದ್ದು, ಹೊಂದಾಣಿಕೆ ಸರಿಯಾದ ಮೇಲೆ ಬೆರಳೆಣಿಕೆಗೆ ಇಳಿಯಿತು.

ದಾರಿಯ ನಡುವಿನಿಂದ ಅಂಚಿಗೆ ಮಣ್ಣನ್ನು ತಳ್ಳಬೇಕು, ಆದರೆ ಅಂಚಿನಲ್ಲಿ ಬದುವಿನಂತೆ ಬಿಡಬಾರದು. ಬಿಟ್ಟರೆ ಮುಂದಿನ ಮಳೆಯ ನೀರು ಚರಂಡಿಗೆ ಇಳಿಯಲಾಗದೆ ದಾರಿಯ ಮೇಲೆಯೇ ಓಡಿ ಖಡಿಯನ್ನು ಕೊಚ್ಚುತ್ತದೆ. ಆ ಸಾಲನ್ನು ಟ್ರಾಲಿಗೆ ತುಂಬಿಸಿ ತೋಟಕ್ಕೆ ಹಾಕಿ, ಎಲೆಗೊಬ್ಬರ ಬೆರೆತ ಒಳ್ಳೆಯ ಮಣ್ಣದು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಕೆಲಸ ಮಾಡಿ, ಅಡ್ಡಡ್ಡ ಓಡಿಸಬೇಡಿ, ಹಿಂದಕ್ಕೆ ಬರುವಾಗ ಬ್ಲೇಡ್ ಎತ್ತಿರಬೇಕು.

ಹೂಳು ಹೋದ ಮೇಲೆ ಎರಡು ಗೂಟಕ್ಕೆ ದಾರ ಕಟ್ಟಿ ದಾರಿಯ ಬೆನ್ನನ್ನು, ಅಂದರೆ ನಡುವಿನ ಉಬ್ಬನ್ನು, ಅಳೆಯಿರಿ. ಖಡಿ ದಾರಿಗೆ ನಡುವಿನಿಂದ ಎರಡೂ ಅಂಚಿಗೆ ನೂರಕ್ಕೆ ನಾಲ್ಕರಷ್ಟು ಇಳಿಜಾರು ಬೇಕು. 3 ಮೀಟರ್ ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ 6 ಸೆಂ.ಮೀ. ಎತ್ತರವಿರಬೇಕೆಂದಾಯಿತು. ಕಡಿಮೆಯಿದ್ದಲ್ಲಿ ಗರಸು ಮತ್ತು ಖಡಿ ಹಾಕಿ, ನೀರು ಚಿಮುಕಿಸಿ, ಟ್ರ್ಯಾಕ್ಟರಿನ ಚಕ್ರದಿಂದಲೇ ಒತ್ತಬಹುದು. ಗರಸನ್ನು ಪಕ್ಕದ ಗುಡ್ಡದಿಂದ ಅಗೆದು ತರುವಂತಿಲ್ಲ. ಮಹಾರಾಷ್ಟ್ರದಲ್ಲಿ ಅದು ಗೌಣ ಖನಿಜ (ಉಪಖನಿಜ), ರಾಯಲ್ಟಿ ಕಟ್ಟಿದ ಪಾವತಿ ಇರುವವರಿಂದಲೇ ಕೊಳ್ಳಬೇಕು.

ಕೆಲಸ ಮುಗಿದ ದಿನವೇ ಪೈಪನ್ನು ಬಿಚ್ಚಿ ಒಳಗೆ ಸೇರಿದ ಮಣ್ಣನ್ನು ತೊಳೆದು, ಕಂಬಗಳಿಗೆ ಗ್ರೀಸ್ ಹಚ್ಚಿಡಿ. ಒಳಗೆ ಹಸಿ ಮಣ್ಣು ಉಳಿದರೆ ಪೈಪ್ ಹೊರಗಿನ ಸವೆತಕ್ಕಿಂತ ಮೊದಲೇ ಒಳಗಿನ ತುಕ್ಕಿಗೆ ಹೋಗುತ್ತದೆ. ಪೈಪಿನ ತಳವನ್ನು ಸುತ್ತಿಗೆಯಿಂದ ಬಡಿದು ನೋಡಿ: ಗಟ್ಟಿ ಸದ್ದು ಬಂದರೆ ಇನ್ನೊಂದು ಅಕ್ಟೋಬರ್‌ಗೆ ಆಗುತ್ತದೆ, ತಗಡಿನ ಸದ್ದು ಬಂದರೆ ಹೊಸ 1.8 ಮೀಟರ್ ತುಂಡಿಗೆ ಕಿವಿಗಳನ್ನು ವರ್ಗಾಯಿಸಿಕೊಳ್ಳಬೇಕು.